25 ಮೀಟರ್ ಸ್ಪರ್ಧೆಗೆ .22 ಪಿಸ್ತೂಲನ್ನು ಆರಿಸುವ ಬಗೆ: ಪುಣೆ, ಮುಂಬಯಿಯ ಶೂಟರ್‌ಗಳಿಗೊಂದು ಮಾರ್ಗದರ್ಶಿ

10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದೆರಡು ವರ್ಷ ಪಳಗಿದವರು 25 ಮೀಟರ್ ಸ್ಪರ್ಧೆಯತ್ತ ಹೊರಳುವಾಗ ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿಯ ಪಿಸ್ತೂಲು ಒಳ್ಳೆಯದು ಎಂಬುದು. ಬಾಲೇವಾಡಿಯ ಶ್ರೀ ಶಿವ ಛತ್ರಪತಿ ಕ್ರೀಡಾ ಸಂಕುಲದಲ್ಲಾಗಲಿ, ಮುಂಬಯಿಯ ವರ್ಲಿಯಲ್ಲಿರುವ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿನಲ್ಲಾಗಲಿ ಈ ಪ್ರಶ್ನೆಗೆ ಉತ್ತರಗಳಿಗೇನೂ ಬರವಿಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವುದನ್ನೇ ಹೊಗಳುತ್ತಾರೆ. ಆದರೆ ಈ ಪ್ರಶ್ನೆ ಕೊನೆಯಲ್ಲಿ ಬರಬೇಕಾದದ್ದು. ನೀವು ಆಡುವ ಸ್ಪರ್ಧೆ ಯಾವುದು, ನಿಮ್ಮ ಪರವಾನಗಿ ಯಾವ ವರ್ಗಕ್ಕೆ ಸೇರುತ್ತದೆ, ನಿಮ್ಮ ಅಂಗೈ ಎಷ್ಟು ದೊಡ್ಡದು, ನಿಮಗೆ ವರ್ಷವಿಡೀ ಯಾವ ತೋಟಾ ಸಿಗುತ್ತದೆ ಎಂಬುದು ಇತ್ಯರ್ಥವಾಗುವ ಹೊತ್ತಿಗೆ ಕಂಪನಿಯ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿದಿರುತ್ತದೆ.

ಏರ್ ಪಿಸ್ತೂಲಿನಲ್ಲಿ ಸೈಟ್ (ಗುರಿ ಹೊಂದಿಸಿ ನೋಡುವ ಭಾಗ) ಮತ್ತು ಟ್ರಿಗರ್ ಇನ್ನೂ ಹಿಡಿತಕ್ಕೆ ಬಾರದವರು ಈಗಲೇ .22, ಅಂದರೆ 0.22 ಇಂಚು ವ್ಯಾಸದ ತೋಟಾ ಹಾರಿಸುವ ಪಿಸ್ತೂಲು, ಕೊಳ್ಳುವ ಗೋಜಿಗೆ ಹೋಗದೆ, ಕ್ಲಬ್ಬಿನ ಪಿಸ್ತೂಲಿನಲ್ಲಿ ಕೋಚ್ ಸಮ್ಮುಖದಲ್ಲಿ ಕೆಲವು ತಿಂಗಳು ಅಭ್ಯಾಸ ಮಾಡುವುದು ಮೇಲು. ಕ್ಲಬ್ಬಿನ ಪಿಸ್ತೂಲು ಎಷ್ಟೇ ಹಳೆಯದಾಗಿರಲಿ, ನಿಮಗೆ ಏನು ಹೊಂದುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ಕಲಿಸುತ್ತದೆ.

ಮೊದಲು ಸ್ಪರ್ಧೆಯನ್ನು ಗೊತ್ತುಮಾಡಿಕೊಳ್ಳಿ

.22 ಲಾಂಗ್ ರೈಫಲ್ ತೋಟಾ ಬಳಸುವ 25 ಮೀಟರ್ ಸ್ಪರ್ಧೆಗಳು ಮುಖ್ಯವಾಗಿ ಮೂರು. ಮಹಿಳೆಯರ 25 ಮೀಟರ್ ಪಿಸ್ತೂಲಿನಲ್ಲಿ 60 ಗುಂಡುಗಳಿದ್ದು, ಮೊದಲ 30 ನಿಖರತೆಯ ಹಂತಕ್ಕೆ ಸೇರುತ್ತವೆ. ಅಲ್ಲಿ ಐದು ಗುಂಡುಗಳ ಪ್ರತಿ ಸರಣಿಗೆ ಐದು ನಿಮಿಷ ಸಿಗುತ್ತದೆ. ಉಳಿದ 30ರಲ್ಲಿ ಗುರಿ ಮೂರು ಸೆಕೆಂಡು ತೆರೆದುಕೊಂಡು ಏಳು ಸೆಕೆಂಡು ಮರೆಯಾಗುತ್ತದೆ, ಪ್ರತಿ ಬಾರಿಯೂ ಕೆಳಗೆ ಇಳಿಸಿದ ತೋಳನ್ನು ಎತ್ತಿ ಒಂದೇ ಗುಂಡು ಹಾರಿಸಬೇಕು. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಪುರುಷರ ರ್‍ಯಾಪಿಡ್ ಫೈರ್ ಇದಕ್ಕಿಂತ ಬಿರುಸಿನದು. ಪಕ್ಕಪಕ್ಕದ ಐದು ಗುರಿಗಳಿಗೆ ಐದು ಗುಂಡುಗಳನ್ನು 8, 6 ಮತ್ತು 4 ಸೆಕೆಂಡುಗಳಲ್ಲಿ ಹಾರಿಸಬೇಕಾಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲಿ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಸ್ಟ್ಯಾಂಡರ್ಡ್ ಪಿಸ್ತೂಲು ಸ್ಪರ್ಧೆಯಲ್ಲಿ ಒಂದೇ ಗುರಿಗೆ ಐದು ಗುಂಡುಗಳ ಸರಣಿಗಳನ್ನು 150, 20 ಮತ್ತು 10 ಸೆಕೆಂಡುಗಳ ಅವಧಿಯಲ್ಲಿ ಹಾರಿಸಲಾಗುತ್ತದೆ.

ಈ ಮೂರಕ್ಕೂ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ವಿಧಿಸಿರುವ ಮಿತಿಗಳು ಒಂದೇ ಆಗಿರುವುದು ಕೊಳ್ಳುವವರ ಪಾಲಿಗೆ ಅನುಕೂಲವೇ ಸರಿ. ಟ್ರಿಗರಿನ ತೂಕ, ಅಂದರೆ ಅದನ್ನು ಎಳೆಯಲು ಬೇಕಾಗುವ ಬಲ, 1000 ಗ್ರಾಮಿಗಿಂತ ಕಡಿಮೆ ಇರಕೂಡದು. ಪಿಸ್ತೂಲಿನ ತೂಕ 1400 ಗ್ರಾಮನ್ನು, ನಳಿಗೆಯ ಉದ್ದ 153 ಮಿಲಿಮೀಟರನ್ನು, ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರ 220 ಮಿಲಿಮೀಟರನ್ನು ಮೀರಕೂಡದು. ಇಡೀ ಪಿಸ್ತೂಲು 300 × 150 × 50 ಮಿಲಿಮೀಟರ್ ಒಳಅಳತೆಯ ಪೆಟ್ಟಿಗೆಯಲ್ಲಿ ಹಿಡಿಯಬೇಕು. ಸೈಟ್ ಮಸೂರವಿಲ್ಲದ, ತೆರೆದ ಬಗೆಯದೇ ಆಗಿರಬೇಕು. ಹೀಗಾಗಿ ಒಂದೇ ಪಿಸ್ತೂಲಿನಿಂದ ಮೂರೂ ಸ್ಪರ್ಧೆಗಳನ್ನು ಆಡಬಹುದು, ಮತ್ತು ಮೊದಲ ಪಿಸ್ತೂಲು ಕೊಳ್ಳುವವರು ಹಾಗೆಯೇ ಆಡಬೇಕು. ರ್‍ಯಾಪಿಡ್ ಫೈರಿಗೆಂದೇ ತಿದ್ದಿಸಿದ ಪಿಸ್ತೂಲು ಬೇಕಾಗುವುದು ಬಹಳ ಮುಂದಿನ ಮಾತು.

ಉಕ್ಕಿನ ಫಲಕಗಳ ಆಟ ಬೇರೆ

ಫೋನಿನಲ್ಲಿ ವಿಡಿಯೊ ನೋಡಿ ಬಂದವರು ಬಯಸುವ ಪಿಸ್ತೂಲು ಬಹುಮಟ್ಟಿಗೆ ಅಮೆರಿಕದ ಸ್ಟೀಲ್ ಚಾಲೆಂಜ್ ಬಗೆಯದು. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಆ ಸ್ಪರ್ಧೆಯಲ್ಲಿ ಪ್ರತಿ ಹಂತದಲ್ಲೂ ಐದು ಉಕ್ಕಿನ ಫಲಕಗಳಿರುತ್ತವೆ. ಕೊನೆಯ ಫಲಕಕ್ಕೆ ಗುಂಡು ತಾಗಿದಾಗ ಗಡಿಯಾರ ನಿಲ್ಲುತ್ತದೆ, ತಪ್ಪಿದ ಪ್ರತಿ ಫಲಕಕ್ಕೂ ಮೂರು ಸೆಕೆಂಡು ದಂಡ ಬೀಳುತ್ತದೆ. ಅಲ್ಲಿ ಅಂಕಗಳ ಲೆಕ್ಕವಿಲ್ಲ, ಸಮಯವೇ ಎಲ್ಲ. ರಿಮ್‌ಫೈರ್ (ಬುಡದ ಅಂಚಿಗೆ ಪೆಟ್ಟು ಬಿದ್ದು ಹಾರುವ .22 ತೋಟಾದ) ವಿಭಾಗದವರು ಎರಡೂ ಕೈಗಳಲ್ಲಿ ಪಿಸ್ತೂಲು ಹಿಡಿದು, ನೆಲದತ್ತ ತಗ್ಗಿಸಿದ ಸ್ಥಿತಿಯಿಂದ ಆರಂಭಿಸುತ್ತಾರೆ. ಓಪನ್ ವಿಭಾಗದಲ್ಲಿ ಕೆಂಪು ಚುಕ್ಕಿಯ ಆಪ್ಟಿಕಲ್ ಸೈಟ್‌ಗೆ ಅವಕಾಶವಿದೆ. ಈ ಆಟಕ್ಕೆ ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಆಂಡ್ ವೆಸನ್ ವಿಕ್ಟರಿಯಂತಹ ಪಿಸ್ತೂಲುಗಳು ಹೇಳಿ ಮಾಡಿಸಿದಂತಿವೆ: ತೋಟಾ ತುಂಬುವ ಮ್ಯಾಗಜಿನ್ ಹಿಡಿಯ ಒಳಗೇ ಇರುತ್ತದೆ, ಎರಡು ಕೈಗೂ ಜಾಗವಿರುತ್ತದೆ, ಸೈಟ್ ಕೂರಿಸಲು ಮೇಲ್ಗಡೆ ಹಳಿ ಇರುತ್ತದೆ, ಸಾಧಾರಣ ತೋಟಾಗಳನ್ನೂ ತಕರಾರಿಲ್ಲದೆ ನುಂಗುತ್ತವೆ.

ಆದರೆ ಆ ಗುಣಗಳಲ್ಲಿ ಹೆಚ್ಚಿನವು ನಮ್ಮ ರೇಂಜಿನಲ್ಲಿ ಕೆಲಸಕ್ಕೆ ಬಾರವು. ಐಎಸ್‌ಎಸ್‌ಎಫ್ ಸ್ಪರ್ಧೆಯಲ್ಲಿ ಒಂದೇ ಕೈ, ಆಪ್ಟಿಕಲ್ ಸೈಟ್‌ಗೆ ಪ್ರವೇಶವೇ ಇಲ್ಲ, ಮತ್ತು ಸರಣಿ ಐದು ಗುಂಡಿನದಾದ್ದರಿಂದ ದೊಡ್ಡ ಮ್ಯಾಗಜಿನ್ ನಿರರ್ಥಕ. ಇದು ಆ ಆಟವನ್ನು ಹೀಗಳೆಯುವ ಮಾತಲ್ಲ. ನಾಲ್ಕು ಸೆಕೆಂಡಿನ ಸರಣಿಗೆ ಬೇಕಾದ ಕಣ್ಣು, ಅಂದರೆ ಒಂದು ಗುರಿಯಲ್ಲಿ ಗುಂಡು ಹಾರುತ್ತಿದ್ದಂತೆಯೇ ಮುಂದಿನ ಗುರಿಗೆ ಜಿಗಿಯುವ ಕಣ್ಣು, ಎರಡಕ್ಕೂ ಸಮಾನ. ಹೊರದೇಶದಲ್ಲಿ ಯಾರಾದರೂ ಪರಿಚಿತರು ಉಕ್ಕಿನ ಫಲಕಗಳ ರೇಂಜಿಗೆ ಕರೆದೊಯ್ದರೆ ಒಂದು ಎಚ್ಚರ ಮಾತ್ರ ಇರಲಿ: ಸೀಸದ ಗುಂಡು ಉಕ್ಕಿಗೆ ಬಡಿದಾಗ ಚೂರುಗಳು ಹಿಂದಕ್ಕೂ ಸಿಡಿಯುತ್ತವೆ, ಆದ್ದರಿಂದ ನೋಡಲು ನಿಂತವರೂ ರಕ್ಷಣಾ ಕನ್ನಡಕ ಧರಿಸಿರಲೇಬೇಕು.

ಪರವಾನಗಿಯ ಕಾಗದ

.177 ಏರ್ ಪಿಸ್ತೂಲನ್ನು ಗುರುತಿನ ದಾಖಲೆ ತೋರಿಸಿ ಕೊಂಡವರಿಗೆ .22ರ ದಾರಿ ಅಷ್ಟು ಸಲೀಸಾಗಿಲ್ಲ ಎಂಬುದು ಗೊತ್ತಿರಬೇಕು. ಇದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಅಡಿಯಲ್ಲಿ ಪರವಾನಗಿ ಬೇಡುವ ಆಯುಧ. ಮುಂಬಯಿ, ಪುಣೆ ನಗರಗಳಲ್ಲಿ ಪರವಾನಗಿ ಕೊಡುವುದು ಪೊಲೀಸ್ ಆಯುಕ್ತರ ಕಚೇರಿ; ಹಿಂಜವಡಿ, ವಾಕಡ್ ಕಡೆಯ ಕನ್ನಡಿಗರು 2018ರಿಂದ ಪ್ರತ್ಯೇಕವಾಗಿರುವ ಪಿಂಪ್ರಿ-ಚಿಂಚ್‌ವಡ ಆಯುಕ್ತಾಲಯಕ್ಕೆ ಹೋಗಬೇಕಾಗುತ್ತದೆ. ಹುಬ್ಬಳ್ಳಿಯದೋ ಮಂಗಳೂರಿನದೋ ಕಾಯಂ ವಿಳಾಸ ಇಟ್ಟುಕೊಂಡು ಇಲ್ಲಿ ಬಾಡಿಗೆ ಮನೆಯಲ್ಲಿರುವವರು ಅರ್ಜಿಗೆ ಮೊದಲೇ ವಾಸದ ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕು, ಪರವಾನಗಿ ಕೈಸೇರಿದ ಮೇಲೆ ಅದು ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ ಎಂಬುದನ್ನು ಓದಿಕೊಳ್ಳಬೇಕು. ಊರಿನ ಸ್ಪರ್ಧೆಗೆ ಪಿಸ್ತೂಲು ಒಯ್ಯುವಾಗ ಆ ಒಂದು ಸಾಲು ಮುಖ್ಯವಾಗುತ್ತದೆ.

ಕ್ರೀಡಾಪಟುಗಳಿಗೆ ನಿಯಮಗಳಲ್ಲಿ ಪ್ರತ್ಯೇಕ ವರ್ಗಗಳಿವೆ. ರಾಜ್ಯ ಸ್ಪರ್ಧೆ, ಅನಂತರ ಜಿ.ವಿ. ಮಾವಳಂಕರ್ ಸ್ಪರ್ಧೆಯಂತಹ ಅರ್ಹತಾ ಮೆಟ್ಟಿಲು, ಅಲ್ಲಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಹೀಗೆ ಏರುತ್ತ ರಾಷ್ಟ್ರೀಯ ರೈಫಲ್ ಸಂಘ (ಎನ್‌ಆರ್‌ಎಐ) ನಿಗದಿಪಡಿಸಿದ ಅಂಕ ದಾಟಿದವರು 'ರಿನೌನ್ಡ್ ಶಾಟ್' ಎನಿಸಿಕೊಳ್ಳುತ್ತಾರೆ. ವಿದೇಶದಿಂದ ಹೊಸ ಪಿಸ್ತೂಲು ತರಿಸಿಕೊಳ್ಳುವ ದಾರಿ ತೆರೆಯುವುದು ಈ ಮಾನ್ಯತೆಯಿಂದ. ನೀವು ಯಾವ ವರ್ಗದಲ್ಲಿದ್ದೀರಿ, ಅದಕ್ಕೆ ಎಷ್ಟು ಆಯುಧ, ಎಷ್ಟು ತೋಟಾ ಎಂಬುದನ್ನು ರಾಜ್ಯ ಸಂಘದಿಂದ ಬರಹದಲ್ಲಿ ಪಡೆಯುವ ಮೊದಲು ಯಾರಿಗೂ ಮುಂಗಡ ಕೊಡಬೇಡಿ.

ಕೈಗೆ ಕೂರುವ ಹಿಡಿ

ಇಲ್ಲಿಂದ ಮುಂದೆ ನಿಜವಾದ ಆಯ್ಕೆ ಆರಂಭವಾಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಹಿಡಿಯಷ್ಟು ಮಹತ್ವದ ಭಾಗ ಪಿಸ್ತೂಲಿನಲ್ಲಿ ಇನ್ನೊಂದಿಲ್ಲ. ನಳಿಗೆಯ ನಿಖರತೆಯನ್ನು ಹೊಗಳುವವರಿಗೆ ಒಂದು ಲೆಕ್ಕ ಹೇಳಬೇಕು. ನಿಖರತೆಯ ಹಂತದ ಗುರಿಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ವೇಗದ ಹಂತದ ಗುರಿಯಲ್ಲಿ 100 ಮಿಲಿಮೀಟರ್. ಸ್ಪರ್ಧೆಗೆಂದು ತಯಾರಾದ ಯಾವುದೇ ಪಿಸ್ತೂಲನ್ನು ಆಧಾರದ ಮೇಲಿಟ್ಟು ಒಪ್ಪುವ ತೋಟಾ ಹಾಕಿ ಹಾರಿಸಿದರೆ ಗುಂಡುಗಳೆಲ್ಲ ಆ ಚಿಕ್ಕ ವೃತ್ತದೊಳಗೇ ಬೀಳುತ್ತವೆ. ಅಂಕ ಕಳೆಯುವುದು ನಳಿಗೆಯಲ್ಲ, ಅದನ್ನು ಹಿಡಿದ ಕೈ. ಕೈಯ ತಪ್ಪನ್ನು ಹೆಚ್ಚಿಸುವುದೋ ತಗ್ಗಿಸುವುದೋ ಹಿಡಿಯ ಕೆಲಸ.

ಪರೀಕ್ಷೆ ಹೀಗೆ ಮಾಡಿ. ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯೆಂದು ನೀವೂ ಇನ್ನೊಬ್ಬರೂ ನೋಡಿ ಖಚಿತಪಡಿಸಿಕೊಂಡ ಮೇಲೆ, ರೇಂಜಿನ ಗುರಿಯತ್ತಲೇ ಮುಖ ಮಾಡಿ, ಪಿಸ್ತೂಲನ್ನು ಸ್ಪರ್ಧೆಯಲ್ಲಿ ಹಿಡಿಯುವಂತೆ ಹಿಡಿದು, ಕಣ್ಣು ಮುಚ್ಚಿ ತೋಳನ್ನು ಕೆಳಗಿನಿಂದ ಗುರಿಯ ಮಟ್ಟಕ್ಕೆ ಎತ್ತಿ, ಅನಂತರ ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ ಸಮನಾಗಿ ನಿಂತಿದ್ದರೆ ಆ ಹಿಡಿ ನಿಮ್ಮದು. ಮುಂದಿನ ಸೈಟ್ ಮೇಲೆದ್ದು ಕಂಡರೆ ಹಿಡಿಯ ಓರೆ ನಿಮ್ಮ ಮಣಿಕಟ್ಟಿಗೆ ಒಪ್ಪುತ್ತಿಲ್ಲ. ಎಡಕ್ಕೋ ಬಲಕ್ಕೋ ಸರಿದಿದ್ದರೆ ಅಂಗೈ ಹಿಡಿಯ ಸುತ್ತ ಸರಿಯಾಗಿ ಸುತ್ತಿಕೊಂಡಿಲ್ಲ. ಒಂದೇ ಸಲ ಎತ್ತಿ ತೀರ್ಮಾನಿಸಬೇಡಿ. ತೋಳು ತಾಜಾ ಇರುವಾಗ ಒಮ್ಮೆ, ಅರ್ಧ ಗಂಟೆಯ ಅಭ್ಯಾಸದ ನಂತರ ದಣಿದಾಗ ಇನ್ನೊಮ್ಮೆ ನೋಡಿ. ಮೂರು ಸೆಕೆಂಡಿನಲ್ಲಿ ಗುರಿ ತೆರೆದು ಮುಚ್ಚುವಾಗ ಸೈಟ್ ಹುಡುಕುತ್ತ ಕೂರಲು ಪುರಸೊತ್ತಿರುವುದಿಲ್ಲ. ತೋಳು ಏರಿದಾಗ ಸೈಟ್ ತಾನಾಗಿಯೇ ಜೋಡಿಕೊಂಡು ಬರಬೇಕು.

ಹಿಡಿಗಳು ಸಾಮಾನ್ಯವಾಗಿ ಸಣ್ಣ, ನಡು, ದೊಡ್ಡ ಅಳತೆಗಳಲ್ಲಿ ಬರುತ್ತವೆ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ನಡು ಅಳತೆಯದೂ ದೊಡ್ಡದಾಗುತ್ತದೆ, ಆದರೂ ಸಿಕ್ಕಿತೆಂಬ ಕಾರಣಕ್ಕೆ ಅದನ್ನೇ ಹಿಡಿದು ಒದ್ದಾಡುತ್ತಾರೆ. ತೋರುಬೆರಳಿನ ತುದಿಯ ಮೆತ್ತೆ ಟ್ರಿಗರಿನ ಮೇಲೆ ನೇರವಾಗಿ ಕೂತಾಗ ಬೆರಳಿನ ಬುಡಕ್ಕೂ ಹಿಡಿಯ ಮರಕ್ಕೂ ನಡುವೆ ಕಿರಿದಾದ ಸಂದಿ ಇರಬೇಕು. ಬೆರಳು ಮರಕ್ಕೆ ತಾಗಿದರೆ ಟ್ರಿಗರ್ ಎಳೆದಾಗ ಇಡೀ ಪಿಸ್ತೂಲು ಪಕ್ಕಕ್ಕೆ ವಾಲುತ್ತದೆ. ಅಂಗೈಯ ಕೆಳಗಿನ ಆಧಾರ ಗಟ್ಟಿಯಾಗಿ ತಾಗಬೇಕು, ಆದರೆ ಬಿಗಿಯಬಾರದು. ಮರದ ಹಿಡಿಯನ್ನು ಅರದಿಂದ ಉಜ್ಜಿ ಕಡಿಮೆ ಮಾಡಬಹುದು, ಮರದ ಪುಟ್ಟಿ ತುಂಬಿ ಹೆಚ್ಚಿಸಬಹುದು. ಹಾಗೆ ಮಾಡುವಾಗ ನಿಯಮ ನೆನಪಿರಲಿ. ಅಂಗೈಯ ಆಧಾರ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲಕ್ಕೆ ಬಾಗಿ ಕೈಯನ್ನು ತಬ್ಬಿಕೊಳ್ಳಕೂಡದು, ಮಣಿಕಟ್ಟು ಕಣ್ಣಿಗೆ ಕಾಣುವಷ್ಟು ಮುಕ್ತವಾಗಿರಬೇಕು. ಎಡಗೈಯವರು ಎಡಗೈ ಹಿಡಿ ಸಿಗುತ್ತದೆಯೇ ಎಂದು ಮೊದಲು ಕೇಳಿ, ಆಮೇಲೆ ಪಿಸ್ತೂಲಿನ ಬೆಲೆ ಕೇಳಬೇಕು.

ಟ್ರಿಗರ್

1000 ಗ್ರಾಮ್ ಎಂಬುದು ಕನಿಷ್ಠ ಮಿತಿಯಾದರೂ, ಅದನ್ನು ನೂಲೆಳೆಯ ಅಂತರದಲ್ಲಿ ಇಟ್ಟುಕೊಳ್ಳುವ ಚಪಲ ಬೇಡ. ಬಿಸಿಲಿಗೂ ಸವೆತಕ್ಕೂ ಸ್ಪ್ರಿಂಗ್ ಸ್ವಲ್ಪ ಸಡಿಲವಾದರೆ ಪರೀಕ್ಷೆಯ ಮೇಜಿನ ಮೇಲೆ ತೂಕದ ಬಟ್ಟು ಮೇಲೇಳುವ ಮೊದಲೇ ಟ್ರಿಗರ್ ಬಿದ್ದುಬಿಡುತ್ತದೆ. ಇಪ್ಪತ್ತು ಮೂವತ್ತು ಗ್ರಾಮ್ ಹೆಚ್ಚಿಗೆ ಇಟ್ಟವರು ನೆಮ್ಮದಿಯಿಂದಿರುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ಟ್ರಿಗರ್ ಎಳೆತದ ಎರಡು ಹಂತಗಳ ನಡುವಿನ ತಡೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆಯೇ, ಪ್ರತಿ ಸಲವೂ ಅದೇ ಜಾಗದಲ್ಲಿ ಸಿಗುತ್ತದೆಯೇ ಎಂಬುದನ್ನು. ಮೊದಲ ಹಂತದಲ್ಲೇ ಹೆಚ್ಚು ಭಾರ ತೀರಿಹೋಗಿ ಎರಡನೆಯದರಲ್ಲಿ ಕಡಿಮೆ ಉಳಿಯುವಂತೆ ಹೊಂದಿಸಿಕೊಳ್ಳುವುದು ಹೆಚ್ಚಿನವರಿಗೆ ಒಗ್ಗುತ್ತದೆ. ವಾಲ್ತರ್ ಎಸ್‌ಎಸ್‌ಪಿ-ಇಯಂತಹ ಎಲೆಕ್ಟ್ರಾನಿಕ್ ಟ್ರಿಗರ್ ಬಲು ನಯ, ಆದರೆ ಮೊದಲ ಪಿಸ್ತೂಲಿಗೆ ನಾನು ಅದನ್ನು ಸೂಚಿಸುವುದಿಲ್ಲ. ಮೆಕ್ಯಾನಿಕಲ್ ಟ್ರಿಗರನ್ನು ರೇಂಜಿನಲ್ಲಿ ಆಯುಧ ದುರಸ್ತಿ ಮಾಡುವ ಅನುಭವಿ ಆರ್ಮರರ್ ಒಬ್ಬರು ಕೂತಲ್ಲೇ ಸರಿಮಾಡಿಕೊಡಬಲ್ಲರು.

ತೂಕ ಮತ್ತು ಸಮತೋಲ

ಪಾರ್ದೀನಿ ಎಸ್‌ಪಿ, ವಾಲ್ತರ್ ಜಿಎಸ್‌ಪಿ ಮತ್ತು ಎಸ್‌ಎಸ್‌ಪಿ, ಫೈನ್‌ವರ್ಕ್‌ಬಾವ್ ಎಡಬ್ಲ್ಯೂ 93, ಮೊರೀನಿ ಸಿಎಂ 22ಎಂ ಇವುಗಳಲ್ಲಿ ಮ್ಯಾಗಜಿನ್ ಟ್ರಿಗರಿನ ಮುಂಭಾಗದಲ್ಲಿರುತ್ತದೆ. ಇದರಿಂದ ಹಿಡಿಯನ್ನು ಕೈಯ ಆಕಾರಕ್ಕೆ ಬೇಕಾದಂತೆ ಕೆತ್ತಲು ಸಾಧ್ಯವಾಗುತ್ತದೆ, ಭಾರ ಮುಂದಕ್ಕೆ ಸರಿಯುತ್ತದೆ, ನಳಿಗೆ ಕೈಗೆ ಹತ್ತಿರವಾಗಿ ತಗ್ಗಿನಲ್ಲಿ ಕೂರುತ್ತದೆ. ನಳಿಗೆ ತಗ್ಗಿದಷ್ಟೂ ಒದೆತ ಮೂತಿಯನ್ನು ಮೇಲಕ್ಕೆ ಚಿಮ್ಮಿಸುವುದರ ಬದಲು ನೇರವಾಗಿ ತೋಳಿನೊಳಕ್ಕೆ ಬರುತ್ತದೆ, ಮುಂದಿನ ಗುಂಡಿಗೆ ಸೈಟ್ ಬೇಗ ಮರಳುತ್ತದೆ. ಮೂತಿಯ ಕಡೆ ಹೆಚ್ಚು ಭಾರ ಹೇರಿಕೊಂಡರೆ ಸರಣಿಯ ಕೊನೆಯ ಗುಂಡುಗಳು ಕೆಳಗಿಳಿಯುವುದನ್ನು ನೀವೇ ನೋಡುವಿರಿ; ಆರಂಭದಲ್ಲಿ ಹೆಚ್ಚುವರಿ ತೂಕದ ಬಿಲ್ಲೆಗಳನ್ನು ತೆಗೆದೇ ಇಡಿ.

ಈ ಪಟ್ಟಿಯಲ್ಲಿ ಯಾವುದು ಎಂದು ಒತ್ತಾಯಿಸಿದರೆ, ನಿಮ್ಮ ರೇಂಜಿನಲ್ಲಿ ಹೆಚ್ಚು ಜನರ ಬಳಿ ಇರುವುದನ್ನೇ ಎನ್ನುತ್ತೇನೆ. ಸ್ಪರ್ಧೆಯ ಮುನ್ನಾದಿನ ತೋಟಾಕ್ಕೆ ಪೆಟ್ಟು ಕೊಡುವ ಫೈರಿಂಗ್ ಪಿನ್ ಮುರಿದರೆ ಇಟಲಿಯಿಂದಲೋ ಜರ್ಮನಿಯಿಂದಲೋ ಬಿಡಿಭಾಗ ಬರುವವರೆಗೆ ಕಾಯುವುದಕ್ಕಿಂತ ಪಕ್ಕದ ಲೇನಿನವರ ಪೆಟ್ಟಿಗೆಯಲ್ಲಿ ಹುಡುಕುವುದು ಸುಲಭ.

ತೋಟಾ ಪರೀಕ್ಷೆ

ರಿಮ್‌ಫೈರ್ ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ನಡುವೆ ಇರದೆ ಬುಡದ ಅಂಚಿನ ಮಡಿಕೆಯೊಳಗೆ ಹರಡಿಕೊಂಡಿರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಅಂಚಿನ ಯಾವುದೋ ಒಂದು ಕಡೆ ಮದ್ದು ತೆಳುವಾಗಿದ್ದರೆ ಪೆಟ್ಟು ಬಿದ್ದರೂ ಗುಂಡು ಹಾರುವುದಿಲ್ಲ. ಅಗ್ಗದ ತೋಟಾಗಳಲ್ಲಿ ಈ ಕಾಟ ಹೆಚ್ಚು. ಜೊತೆಗೆ ಗುಂಡು ಮೇಣ ಅಥವಾ ಗ್ರೀಸು ಸವರಿದ ಬರಿ ಸೀಸದ್ದಾಗಿರುವುದರಿಂದ ಚೇಂಬರಿನ ಬಾಯಲ್ಲಿ ಕೊಳೆ ಕಟ್ಟುತ್ತದೆ, ಅಂಚು ಹೊರಚಾಚಿರುವುದರಿಂದ ಮ್ಯಾಗಜಿನ್ನಿನಲ್ಲಿ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಳ್ಳುತ್ತದೆ. ವೇಗದ ಸರಣಿಯಲ್ಲಿ ಪಿಸ್ತೂಲು ಕೈಕೊಟ್ಟರೆ ಮರು ಅವಕಾಶಕ್ಕೆ ಮಿತಿಯಿದೆ. ನಿಖರತೆಗಿಂತ ನಂಬಿಕೆ ದೊಡ್ಡದು ಎನ್ನುವುದು ಅದಕ್ಕಾಗಿ.

ಸ್ಪರ್ಧಾ ಪಿಸ್ತೂಲುಗಳ ಸ್ಪ್ರಿಂಗುಗಳನ್ನು ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾಕ್ಕೆ ಹೊಂದಿಸಿರುತ್ತಾರೆ: 40 ಗ್ರೇನ್, ಅಂದರೆ ಸುಮಾರು 2.6 ಗ್ರಾಮಿನ ಗುಂಡು ಶಬ್ದದ ವೇಗಕ್ಕಿಂತ ತುಸು ಕೆಳಗೆ ಹಾರುತ್ತದೆ. ಹೈ ವೆಲಾಸಿಟಿ ತೋಟಾ ಹಾಕಿದರೆ ಬೋಲ್ಟು ಜೋರಾಗಿ ಹಿಂದಕ್ಕೆ ಬಡಿದು ಬಿಡಿಭಾಗಗಳು ಬೇಗ ಜೀರ್ಣವಾಗುತ್ತವೆ, ಲಾಭವೇನೂ ಇಲ್ಲ. ಎಲಿ, ಎಸ್‌ಕೆ, ಆರ್‌ಡಬ್ಲ್ಯೂಎಸ್, ಲಾಪುವಾ ಹೆಸರುಗಳಲ್ಲಿ ನಿಮ್ಮ ರಾಜ್ಯ ಸಂಘ ಅಥವಾ ಕ್ಲಬ್ ನಿಯಮಿತವಾಗಿ ತರಿಸುವುದು ಯಾವುದೆಂದು ಕೇಳಿ, ಕೊಳ್ಳಲಿರುವ ಪಿಸ್ತೂಲಿನಲ್ಲಿ ಅದನ್ನೇ ಹಾರಿಸಿ ನೋಡಿ. ಕನಿಷ್ಠ ನೂರು ಗುಂಡು, ಎರಡು ಮೂರು ಮ್ಯಾಗಜಿನ್‌ಗಳಲ್ಲಿ ಸರದಿಯಂತೆ, ನಡುವೆ ಒರೆಸದೆ. ಸಿಕ್ಕಿಕೊಂಡರೆ ಯಾವ ಮ್ಯಾಗಜಿನ್ನಿನಲ್ಲಿ ಎಂದು ಬರೆದಿಟ್ಟುಕೊಳ್ಳಿ; ಒಂದೇ ಮ್ಯಾಗಜಿನ್ ಮತ್ತೆ ಮತ್ತೆ ಕಾಡಿದರೆ ತಪ್ಪು ತೋಟಾವನ್ನು ಹಿಡಿದಿಡುವ ಅದರ ತುಟಿಗಳದು, ಪಿಸ್ತೂಲಿನದಲ್ಲ.

ಹಳೆಯ ಪಿಸ್ತೂಲು ಕೊಳ್ಳುವಾಗ

ನಮ್ಮಲ್ಲಿ ಮೊದಲ .22 ಬಹಳ ಮಂದಿಗೆ ಇನ್ನೊಬ್ಬ ಶೂಟರ್ ಬಳಸಿ ಬಿಟ್ಟದ್ದೇ ಆಗಿರುತ್ತದೆ, ಅದರಲ್ಲಿ ಕೊರತೆಯೇನಿಲ್ಲ. ಮೊದಲು ನಳಿಗೆಯ ಮೇಲಿನ ಬರಹ ಓದಿ. 2004ರವರೆಗೆ ರ್‍ಯಾಪಿಡ್ ಫೈರ್ ಸ್ಪರ್ಧೆ .22 ಶಾರ್ಟ್ ತೋಟಾದಿಂದ ನಡೆಯುತ್ತಿತ್ತು, 2005ರಿಂದ ಲಾಂಗ್ ರೈಫಲ್ ಬಂತು. ಆ ಕಾಲದ ವಾಲ್ತರ್ ಓಎಸ್‌ಪಿಯಂತಹ ಪಿಸ್ತೂಲು ಎಷ್ಟು ಚೆಂದ ಇಟ್ಟುಕೊಂಡಿದ್ದರೂ ಇಂದಿನ ಸ್ಪರ್ಧೆಗೆ ಸಲ್ಲದು. ಹಾಗೆಯೇ ಜಿಎಸ್‌ಪಿಯ .32 ಜೋಡಣೆ ಸೆಂಟರ್ ಫೈರ್ (ತೋಟಾದ ಬುಡದ ನಡುವೆ ಪೆಟ್ಟು ಬೀಳುವ) ಸ್ಪರ್ಧೆಯದು, ಅದಕ್ಕೆ ಪರವಾನಗಿಯಲ್ಲಿ ಬೇರೆ ನಮೂದು ಬೇಕು.

ಅನಂತರ ಚೇಂಬರಿನ ಅಂಚನ್ನು ದೀಪದ ಬೆಳಕಿನಲ್ಲಿ ನೋಡಿ. ತೋಟಾ ಇಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವ ಡ್ರೈ ಫೈರಿಂಗ್‌ನಲ್ಲಿ ಫೈರಿಂಗ್ ಪಿನ್ ಅಂಚಿಗೇ ಬಡಿದು ಕುಳಿ ಬಿದ್ದಿದ್ದರೆ ತೋಟಾ ಒಳಹೋಗುವಾಗಲೂ ಹೊರಬರುವಾಗಲೂ ತಡವರಿಸುತ್ತದೆ. ಖಾಲಿ ಕೋಶವನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರಿನ ಮೊನೆ ಚೂಪಾಗಿದೆಯೇ, ಹಿಂಬದಿಯ ರಬ್ಬರ್ ಬಫರ್ ಪುಡಿಯಾಗಿದೆಯೇ, ಮ್ಯಾಗಜಿನ್ ಎಷ್ಟು ಕೊಡುತ್ತಾರೆ ಎಂಬುದನ್ನು ವಿಚಾರಿಸಿ. ಪಿಸ್ತೂಲಿನ ಸಂಖ್ಯೆ ಮಾರುವವರ ಪರವಾನಗಿಯಲ್ಲಿರುವ ಸಂಖ್ಯೆಯೊಂದಿಗೆ ಅಕ್ಷರಶಃ ತಾಳೆಯಾಗಬೇಕು, ಮತ್ತು ವರ್ಗಾವಣೆಯ ಕಾಗದ ಮುಗಿಯುವವರೆಗೆ ಪಿಸ್ತೂಲು ಅವರ ಬಳಿಯೇ ಇರಬೇಕು. ಪರಿಚಯದವರೆಂಬ ಕಾರಣಕ್ಕೆ ಎರಡು ದಿನ ಮನೆಗೆ ಒಯ್ದು ನೋಡುವುದೂ ಅಪರಾಧವೇ.

ಕರಾವಳಿಯ ಹವೆಯಲ್ಲಿ ಕಾಪಾಡಿಕೊಳ್ಳುವುದು

ಪುಣೆಯವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ಮುಂಬಯಿ, ಗೋವೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ತೇವ ಉಕ್ಕಿನ ಮೇಲೆ ತುಕ್ಕಾಗಿ ಕೂರುತ್ತದೆ, ಪಿಸ್ತೂಲಿನೊಂದಿಗೆ ಬರುವ ಫೋಮ್ ಪೆಟ್ಟಿಗೆಯೇ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಪೆಟ್ಟಿಗೆಯನ್ನು ಒಯ್ಯುವುದಕ್ಕೆ ಮಾತ್ರ ಬಳಸಿ. ಮನೆಯಲ್ಲಿ ಬೀಗವಿರುವ ಲೋಹದ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡಿ, ತೋಟಾಗಳನ್ನು ಬೇರೆ ಬೀಗದೊಳಗೆ ಇಡಿ. ಎಣ್ಣೆ ತೆಳ್ಳಗಿನ ಪೊರೆಯಷ್ಟು ಸಾಕು, ಚೇಂಬರಿನೊಳಗೆ ಮತ್ತು ಫೈರಿಂಗ್ ಪಿನ್ನಿನ ದಾರಿಯಲ್ಲಿ ಹೆಚ್ಚಾದರೆ ಮಸಿಯೊಂದಿಗೆ ಬೆರೆತು ಅಂಟಾಗುತ್ತದೆ. ಮರದ ಹಿಡಿ ಈ ತಿಂಗಳುಗಳಲ್ಲಿ ತುಸು ಉಬ್ಬುತ್ತದೆ. ಆಗಸ್ಟಿನಲ್ಲಿ ಹಿಡಿ ಬಿಗಿಯೆನಿಸಿತೆಂದು ಅರ ಕೈಗೆತ್ತಿಕೊಂಡವರಿಗೆ ಡಿಸೆಂಬರಿನಲ್ಲಿ ಅದೇ ಹಿಡಿ ಸಡಿಲವಾಗುತ್ತದೆ. ಉಜ್ಜುವುದಿದ್ದರೆ ಗಾಳಿ ಒಣಗುವ ದೀಪಾವಳಿಯ ನಂತರ ಉಜ್ಜಿ, ಉಜ್ಜಿದ ಮೇಲೆ ಕಣ್ಣು ಮುಚ್ಚಿ ಎತ್ತುವ ಪರೀಕ್ಷೆಯನ್ನು ಹೊಸದಾಗಿ ಮಾಡಿ, ಟ್ರಿಗರಿನ ತೂಕವನ್ನೂ ಇನ್ನೊಮ್ಮೆ ಅಳೆಯಿರಿ.